ಎಷ್ಟು ವರ್ಷ ಜೈಲಾಯ್ತು ಅಂತ ಕೇಳ್ತೀರಿ, ಪರಿಹಾರ ಕೇಳಿದ್ರಾ?

ಹೊಡೆತ ತಿಂದೋರು ನಮ್ಮ ವಕೀಲಿ ಆಫೀಸಿಗೆ ಬಂದಾಗ ಮೊದಲು ಕೇಳೋದೇ "ಸರ್, ಅವನಿಗೆ ಎಷ್ಟು ವರ್ಷ ಜೈಲಾಗುತ್ತೆ?" ಅಂತ. ಕೇಳೋದ್ರಲ್ಲಿ ತಪ್ಪಿಲ್ಲ, ಆದ್ರೆ ಕೇಸ್ ನಡೆಯೋದು ಸರ್ಕಾರಕ್ಕೂ ಆರೋಪಿಗೂ ಮಧ್ಯೆ, ನೀವು ಅಲ್ಲಿ ಪಿಡಬ್ಲ್ಯೂ 1, ಅಂದ್ರೆ ಸರ್ಕಾರದ ಕಡೆಯ ಒಂದನೇ ಸಾಕ್ಷಿ ಅಷ್ಟೆ, ಹೇಳಿಕೆ ಕೊಟ್ಟು ಸಹಿ ಹಾಕಿ ಬಂದ್ಮೇಲೆ ಏನಾಯ್ತು ಅಂತ ಎಷ್ಟೋ ಸಲ ಯಾರೂ ಹೇಳಲ್ಲ.

ಶಿಕ್ಷೆ ಯಾಕೆ ಅಂದ್ರೆ ಲಾ ಕಾಲೇಜಲ್ಲಿ ಕಲಿತಿದ್ದು ಪ್ರತೀಕಾರ, ಹೆದರಿಕೆ, ಸುಧಾರಣೆ. ಎಲ್ಲಾ ಅಪರಾಧಿ ಬಗ್ಗೆ, ಇಲ್ಲಾ ಸಮಾಜದ ಬಗ್ಗೆ. ನೊಂದವರು ಆಪರೇಷನ್ನಿಗೆ ಮಾಡಿದ ಸಾಲದ ಮಾತು ಅದ್ರಲ್ಲಿ ಎಲ್ಲೂ ಬರಲ್ಲ.

ಯಾವುದು ಸರ್ಕಾರದ್ದು, ಯಾವುದು ನೊಂದವರದ್ದು ಅಂತ ಕಾನೂನೇ ಹೇಗೆ ಪಾಲು ಮಾಡಿದೆ ನೋಡಿ. ಆರೋಪಿ ಖುಲಾಸೆ ಆದ್ರೆ, ಸಣ್ಣ ಸೆಕ್ಷನ್ನಲ್ಲಿ ಶಿಕ್ಷೆ ಆದ್ರೆ, ಪರಿಹಾರ ಕಮ್ಮಿ ಆದ್ರೆ ನೊಂದವರೇ ಅಪೀಲ್ ಹಾಕಬಹುದು. ಖುಲಾಸೆ ವಿರುದ್ಧ ಹೋಗೋಕೆ ಕೋರ್ಟಿನ ಪೂರ್ವಾನುಮತಿ ಬೇಡ ಅಂತ ನಮ್ಮ ಕರ್ನಾಟಕದಿಂದ ಹೋದ ಕೇಸಲ್ಲೇ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ ಶಿಕ್ಷೆ ಸಾಲದು, ಜಾಸ್ತಿ ಮಾಡಿ ಅಂತ ನೀವು ಅಪೀಲ್ ಹಾಕೋ ಹಾಗಿಲ್ಲ, ಅದು ಸರ್ಕಾರದ ಕೆಲಸ. ಕಕ್ಷಿದಾರರಿಗೆ ಇದನ್ನ ಹೇಳಿದ್ರೆ ನನ್ನ ಮೇಲೇ ರೇಗ್ತಾರೆ! ನನಗೇನೋ ಇದು ಸರಿ ಅನ್ಸುತ್ತೆ, ಶಿಕ್ಷೆ ಎಷ್ಟು ಅನ್ನೋದು ನೊಂದವರ ಸಿಟ್ಟಿನ ಮೇಲೆ ನಿಲ್ಲಬಾರದು, ಆದ್ರೆ ಪರಿಹಾರ ಪೂರ್ತಿ ಅವರದ್ದೇ ಹಕ್ಕು, ಅದನ್ನೇ ಯಾರೂ ಕೇಳಲ್ಲ.

ಬದುವಿನ ಜಗಳದಲ್ಲಿ ಮಚ್ಚಿನೇಟು ಬಿದ್ದು ಗಂಡನ ಬಲಗೈ ಹೋದ ಹೆಂಗಸೊಬ್ಬರು ತೀರ್ಪಾದ ಮೇಲೆ ಬಂದಿದ್ರು, ಬಟ್ಟೆ ಅಂಗಡಿ ಕವರ್ ತುಂಬ ಆಸ್ಪತ್ರೆ ಬಿಲ್ಲು. "ಜೈಲಾದ್ರೆ ಆಗ್ಲಿ ಸಾ, ಈ ಬಡ್ಡಿ ಯಾರ್ ಕಟ್ಟೋರು?" ಅಂದ್ರು. ದಂಡದಲ್ಲಿ ಒಂದು ಭಾಗ ಗಂಡನಿಗೆ ಅಂತ ಆರ್ಡರ್ ಆಗಿತ್ತು, ಆದ್ರೆ ಆರೋಪಿ ಅಪೀಲ್ ಹೋಗಿದ್ದ, ಅಪೀಲ್ ತೀರ್ಮಾನ ಆಗೋವರೆಗೂ ಆ ದುಡ್ಡು ಕೊಡೋ ಹಾಗಿಲ್ಲ, ಕಾನೂನೇ ಹಾಗಿದೆ. ಸರ್ಕಾರದ ಪರಿಹಾರ ಯೋಜನೆಗೆ ಶಿಫಾರಸು ಮಾಡಿ ಅಂತ ಮಾತ್ರ ಯಾರೂ ಕೋರ್ಟನ್ನ ಕೇಳೇ ಇರಲಿಲ್ಲ.

ಆ ಯೋಜನೆ ನಮ್ಮಲ್ಲಿ ಎಷ್ಟೋ ವರ್ಷದಿಂದ ಇದೆ, ಈಗ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 396ನೇ ಸೆಕ್ಷನ್. ಆರೋಪಿ ಖುಲಾಸೆ ಆದ್ರೂ ಕೋರ್ಟ್ ಶಿಫಾರಸು ಮಾಡಬಹುದು, ಅಪರಾಧಿ ಯಾರಂತಾನೇ ಗೊತ್ತಾಗದೆ ವಿಚಾರಣೆ ನಡೀದಿದ್ರೆ ನೀವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಅಂತಿದೆ (ಮುಗಿಯುತ್ತಾ ಅನ್ನೋದು ಬೇರೆ ಮಾತು). ಪರಿಹಾರದ ಬಗ್ಗೆ ಪ್ರತಿ ಕೇಸಲ್ಲೂ ಯೋಚಿಸಿ ಕಾರಣ ಬರೀಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರಿಂದ ವಾದ ಮುಗಿಯೋ ಮುಂಚೆ ಪಿಪಿ, ಅಂದ್ರೆ ಸರ್ಕಾರಿ ವಕೀಲರ ಹತ್ರ ಹೋಗಿ, ಅವರ ಕೈಲಿ ಕೋರ್ಟಲ್ಲಿ ಇದನ್ನ ಕೇಳಿಸಿ.

ಎಫ್‌ಐಆರ್ ಕಾಪಿ ನಿಮಗೆ ಫ್ರೀ, ತಗೊಳ್ಳಿ. ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಬರೆದು ಕೊಡೋದು), ಡಿಸ್ಚಾರ್ಜ್ ಸಮ್ಮರಿ, ಮೆಡಿಕಲ್ ಸ್ಟೋರ್ ಚೀಟಿ ಸಮೇತ ಇಟ್ಕೊಳ್ಳಿ. ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು 90 ದಿನದೊಳಗೆ ನಿಮಗೆ ತಿಳಿಸಲೇಬೇಕು, ತಿಳಿಸಿಲ್ಲ ಅಂದ್ರೆ ಬರವಣಿಗೆಯಲ್ಲಿ ಕೇಳಿ, ಠಾಣೆ ಸೀಲ್ ಹಾಕಿಸ್ಕೊಂಡೇ ಬನ್ನಿ.