ವೀಸಾ ಆಮೇಲೆ, ಮೊದಲು ಮದುವೆ ಸರ್ಟಿಫಿಕೇಟ್

ಮಕ್ಕಳಾಗುವ ಚಿಕಿತ್ಸೆಗೆ, ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಹಾಕುವ ಐವಿಎಫ್‌ಗೆ, ಹೊರದೇಶಕ್ಕೆ ಹೊರಟ ದಂಪತಿ ನಮ್ಮ ಮಂಗಳೂರಿನ ಆಫೀಸಿಗೆ ಬಂದು ಕೂತ ಕೂಡಲೇ ಕೇಳುವುದು ಒಂದೇ ಮಾತು: "ವೀಸಾ ಎಷ್ಟು ದಿನದಲ್ಲಿ ಸಿಗ್ತದೆ?" ನಾನು ತಿರುಗಿ ಕೇಳುತ್ತೇನೆ, "ನಿಮ್ಮ ಮದುವೆ ರಿಜಿಸ್ಟರ್ ಆಗಿದೆಯಾ?" ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎಷ್ಟೋ ವರ್ಷ ಸಂಸಾರ ಮಾಡಿದವರು, ಊರಿಡೀ ಕರೆದು ಊಟ ಹಾಕಿ ಮದುವೆಯಾದವರು, ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಅಷ್ಟೇ. ಪಾಸ್‌ಪೋರ್ಟಿಗೆ ಗಂಡನ ಹೆಸರು ಸೇರಿಸಲು ಕೂಡ 2016ರ ಡಿಸೆಂಬರಿನ ನಂತರ ಮದುವೆ ಸರ್ಟಿಫಿಕೇಟ್ ಕಡ್ಡಾಯ ಅಲ್ಲ. ಹಾಗಾಗಿ ಪಾಸ್‌ಪೋರ್ಟಿನಲ್ಲಿ ಹೆಸರು ಉಂಟಲ್ಲ, ಸಾಕು ಅಂದುಕೊಳ್ಳುತ್ತಾರೆ. ಸಾಕಾಗುವುದಿಲ್ಲ.

ನನ್ನ ಬಳಿ ಬರುವ ಫೈಲುಗಳಲ್ಲಿ ದುಬೈ, ಅಬುಧಾಬಿಯವೇ ಜಾಸ್ತಿ. ಕಾರಣ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡನಿಗೆ ಅಲ್ಲಿ ಕೆಲಸ, ಹೆಂಡತಿ ಕಾಪುವಿನಲ್ಲೋ ಕುಂದಾಪುರದಲ್ಲೋ ಇರುತ್ತಾಳೆ. ವರ್ಷಕ್ಕೊಮ್ಮೆ ಸಿಗುವ ರಜೆಯೊಳಗೆ ಚಿಕಿತ್ಸೆ ಮುಗಿಯುವುದು ಕಷ್ಟ, ಅದಕ್ಕೇ ಅವಳೇ ಬಜ್ಪೆಯಿಂದ ವಿಮಾನ ಹತ್ತುತ್ತಾಳೆ. ಯುಎಇಯಲ್ಲಿ ಈ ಚಿಕಿತ್ಸೆಗೆ 2019ರಲ್ಲಿ ಬಂದ ಪ್ರತ್ಯೇಕ ಕಾನೂನು ಇದೆ. ಆಮೇಲೆ ಒಂದಿಷ್ಟು ಸಡಿಲಿಕೆ ಆದರೂ, ನಮ್ಮಂಥ ದಂಪತಿಗಳಿಂದ ಕ್ಲಿನಿಕ್‌ಗಳು ಮೊದಲು ಕೇಳುವುದು ಅಟೆಸ್ಟ್ ಆದ, ಅಂದರೆ ಸರ್ಕಾರದ ಮುದ್ರೆಗಳು ಬಿದ್ದು ದೃಢೀಕರಣ ಆದ, ಮದುವೆ ಸರ್ಟಿಫಿಕೇಟನ್ನೇ. ಮೊದಲ ಸಲ ಡಾಕ್ಟರನ್ನು ನೋಡಿ ಮಾತಾಡಿ ಬರಬಹುದು. ಇಂಜೆಕ್ಷನ್ ಶುರು ಮಾಡುವ ಹೊತ್ತಿಗೆ ಆ ಕಾಗದ ಫೈಲಿನಲ್ಲಿ ಇರಬೇಕು.

ದೇವಸ್ಥಾನದಲ್ಲಿ ಮದುವೆಯಾದವರು ಅಲ್ಲಿ ಕೊಟ್ಟ ರಶೀದಿ ತರುತ್ತಾರೆ. ಚರ್ಚಿನಲ್ಲಿ ಆದವರು ಚರ್ಚಿನ ಪತ್ರ, ನಿಕಾಹ್ ಆದವರು ಮಸೀದಿಯ ಪತ್ರ ತರುತ್ತಾರೆ. ಇವೆಲ್ಲ ಒಳ್ಳೆಯ ದಾಖಲೆಗಳೇ, ಜೋಪಾನ ಮಾಡಿ ಇಡಿ. ಆದರೆ ಹೊರದೇಶದ ಅಟೆಸ್ಟೇಷನ್‌ಗೆ ಸರ್ಕಾರಿ ನೋಂದಣಿ ಕಚೇರಿಯ ಸರ್ಟಿಫಿಕೇಟ್ ಇದ್ದರೇ ದಾರಿ ಸುಲಭ. ಎಷ್ಟು ಹಳೆಯ ಮದುವೆಯನ್ನಾದರೂ ಈಗ ನೋಂದಣಿ ಮಾಡಿಸಬಹುದು. ಆಮಂತ್ರಣ ಪತ್ರ, ಮದುವೆ ಫೋಟೊ, ವಯಸ್ಸಿನ ದಾಖಲೆ, ಸಾಕ್ಷಿಗಳು ಇದ್ದರೆ ದೊಡ್ಡ ತೊಂದರೆ ಆಗುವುದಿಲ್ಲ. ಆಮಂತ್ರಣ ಪತ್ರ ಕಳೆದುಹೋಗಿದ್ದರೆ ನೆಂಟರ ಮನೆಗಳಲ್ಲಿ ಕೇಳಿ ನೋಡಿ, ಎಲ್ಲಾದರೂ ಒಂದು ಕಪಾಟಿನಲ್ಲಿ ಉಳಿದಿರುತ್ತದೆ. ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಆಗಬೇಕಾದವರಿಗೆ ಮಾತ್ರ 30 ದಿನಗಳ ನೋಟಿಸ್ ಅವಧಿ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಆಮೇಲೆ ಅಟೆಸ್ಟೇಷನ್. ಒಂದು ದೇಶದ ದಾಖಲೆಯನ್ನು ಒಂದೇ ಸ್ಟಿಕರಿನ ಮೇಲೆ ಇನ್ನೊಂದು ದೇಶ ಒಪ್ಪುವ ಅಪೋಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ. ಹಾಗಾಗಿ ರಾಜ್ಯ ಸರ್ಕಾರದ ಮುದ್ರೆ, ನಂತರ ವಿದೇಶಾಂಗ ಸಚಿವಾಲಯದ್ದು, ನಂತರ ಇಲ್ಲಿರುವ ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯದ್ದು. ಒಂದು ಮುದ್ರೆ ಬಿಟ್ಟು ಮುಂದಿನದಕ್ಕೆ ಹಾರಲು ಆಗುವುದಿಲ್ಲ. ಸ್ಪೇನ್, ಗ್ರೀಸ್, ಜಾರ್ಜಿಯಾ ಕಡೆ ಹೋಗುವವರಿಗೆ ಕೆಲಸ ಕಡಿಮೆ. ಭಾರತ 2005ರಲ್ಲೇ ಅಪೋಸ್ಟಿಲ್ ಒಪ್ಪಂದ ಸೇರಿದೆ, ರಾಜ್ಯದ ಮುದ್ರೆ ಆಗಿ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಸ್ಟಿಕರ್ ಬಿದ್ದರೆ ಆಯಿತು. ಬೇಕಾದ ಕಡೆ ಆ ದೇಶದ ಭಾಷೆಗೆ ಅಧಿಕೃತ ಅನುವಾದ ಮಾಡಿಸಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದಯವಿಟ್ಟು ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ! ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ ಅಂತ ಎಲ್ಲವನ್ನೂ ಪ್ಲಾಸ್ಟಿಕ್ಕಿನೊಳಗೆ ಹಾಕಿಸುವುದು ಇಲ್ಲಿ ಅಭ್ಯಾಸ, ಅದು ಕಾಳಜಿಯಿಂದಲೇ ಮಾಡಿದ್ದು. ಆದರೆ ಮುದ್ರೆ ಹೊಡೆಯುವುದು ಕಾಗದದ ಹಿಂಬದಿಗೆ, ಪ್ಲಾಸ್ಟಿಕ್ಕಿನ ಮೇಲಲ್ಲ. ಲ್ಯಾಮಿನೇಟ್ ಆಗಿದ್ದರೆ ಬಿಡಿಸಲು ಹೋಗಬೇಡಿ, ಬಿಸಿ ಮಾಡಿ ಎಳೆದರೆ ಅಕ್ಷರವೇ ಎದ್ದು ಬರುತ್ತದೆ. ನೋಂದಣಿ ಕಚೇರಿಗೆ ಹೋಗಿ ಹೊಸ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ತೆಗೆಯುವಾಗ ಒಂದೆರಡು ಜಾಸ್ತಿಯೇ ತೆಗೆಯಿರಿ.

ಇನ್ನು ಹೆಸರಿನ ವಿಷಯ. ಫೈಲುಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಊರಿನ ಹೆಸರು ಬೇರೆ ಬೇರೆ ಇದ್ದರೆ ಗಾಬರಿ ಬೇಡ. 1997ಕ್ಕಿಂತ ಮೊದಲು ಉಡುಪಿಯಲ್ಲಿ ಹುಟ್ಟಿದವರಿಗೆ ಆಗಲೇ ಕೊಟ್ಟ ಜನನ ಪತ್ರದಲ್ಲಿ ಉಡುಪಿ ಜಿಲ್ಲೆ ಇರಲು ಸಾಧ್ಯವೇ ಇಲ್ಲ, ಆಗ ಆ ಜಿಲ್ಲೆಯೇ ಇರಲಿಲ್ಲ. ಮ್ಯಾಂಗಲೋರ್ ಅಂತ ಇದ್ದದ್ದು ಸರ್ಕಾರಿ ದಾಖಲೆಯಲ್ಲಿ ಮಂಗಳೂರು ಆದದ್ದು 2014ರ ನವೆಂಬರಿನಲ್ಲಿ. ಇದನ್ನು ಕೌಂಟರಿನಲ್ಲಿ ಕೂತವರು ದಿನಾ ನೋಡುತ್ತಾರೆ. ಆದರೆ ಮನುಷ್ಯರ ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ ಆದರೂ ಕ್ಲಿನಿಕ್ ನಿಲ್ಲಿಸುತ್ತದೆ, ನಿಲ್ಲಿಸಬೇಕು ಕೂಡ. ಲ್ಯಾಬಿನಲ್ಲಿ ನಿಮ್ಮ ಅಂಡಾಣು, ವೀರ್ಯ, ಭ್ರೂಣದ ಮೇಲೆ ಅಂಟಿಸುವ ಚೀಟಿಯಲ್ಲಿ ಇರುವುದು ಅದೇ ಹೆಸರು ತಾನೇ?

ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಇನಿಶಿಯಲ್, ಆಧಾರಿನಲ್ಲಿ ಅಪ್ಪನ ಹೆಸರು, ಮದುವೆಯ ನಂತರ ಎಲ್ಲೋ ಒಂದು ಕಡೆ ಗಂಡನ ಕಡೆಯ ಶೆಟ್ಟಿ, ಪೂಜಾರಿ, ಡಿಸೋಜಾ, ಇನ್ನೊಂದು ಕಡೆ ತವರಿನದ್ದೇ. ಎಲ್ಲವನ್ನೂ ಸರಿಮಾಡಲು ಹೋದರೆ ವರ್ಷ ಕಳೆಯುತ್ತದೆ. ಪಾಸ್‌ಪೋರ್ಟನ್ನು ಅಳತೆಗೋಲು ಮಾಡಿಕೊಳ್ಳಿ. ಇಬ್ಬರ ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಕ್ಲಿನಿಕ್ಕಿನ ನೋಂದಣಿ, ಲ್ಯಾಬ್ ರಿಪೋರ್ಟು, ಇಷ್ಟರಲ್ಲಿ ಒಂದೇ ಕಾಗುಣಿತ ಇದ್ದರೆ ಸಾಕು. ಮದುವೆ ನೋಂದಣಿ ಇನ್ನೂ ಆಗಿಲ್ಲ ಅಂದರೆ ಒಂದು ರೀತಿಯಲ್ಲಿ ಒಳ್ಳೆಯದೇ, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಅಲ್ಲಿ ಬರೆಸಬಹುದು. ಪಾಸ್‌ಪೋರ್ಟಿನಲ್ಲೇ ಒಂದೇ ಪದದ ಹೆಸರಿದ್ದು ಸರ್‌ನೇಮ್ ಜಾಗ ಖಾಲಿ ಇದ್ದರೆ ಅದನ್ನು ಮೊದಲು ಸರಿಪಡಿಸಿ. ಅಂಥ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ತಂದೆಯ ಹೆಸರು ಕೊನೆಯ ಪುಟದಲ್ಲಿ ಇದ್ದರೆ ನಡೆಯುತ್ತದೆ ಅಂತ ಆಮೇಲೆ ಸ್ಪಷ್ಟನೆ ಬಂತು, ಆದರೂ ಚಿಕಿತ್ಸೆಗೆ ಹೊರಟವಳನ್ನು ಆ ನಂಬಿಕೆಯ ಮೇಲೆ ಏರ್‌ಪೋರ್ಟಿಗೆ ಕಳಿಸಲು ನನಗೆ ಮನಸ್ಸಿಲ್ಲ. ರೀಇಶ್ಯೂ ಮಾಡಿಸಿದರೆ ಪಾಸ್‌ಪೋರ್ಟ್ ನಂಬರೇ ಬದಲಾಗುತ್ತದೆ. ಹಾಗಾಗಿ ವೀಸಾಗೆ ಹಾಕುವ ಮೊದಲೇ ಈ ಕೆಲಸ ಆಗಬೇಕು. ಮಂಗಳೂರಿನ ಸೇವಾ ಕೇಂದ್ರದಲ್ಲಿ ಬೇಗ ದಿನಾಂಕ ಸಿಗದಿದ್ದರೆ ಉಡುಪಿಯ ಅಂಚೆ ಕಚೇರಿ ಕೇಂದ್ರದಲ್ಲೂ ನೋಡಿ. ಪಾಸ್‌ಪೋರ್ಟಿನ ವಾಯಿದೆ ಕಡಿಮೆ ಅಂದರೂ ಆರು ತಿಂಗಳು ಉಳಿದಿರಬೇಕು, ನಾನಂತೂ ಎರಡು ವರ್ಷ ಇರಲಿ ಅನ್ನುತ್ತೇನೆ. ಮೊದಲ ಸಲವೇ ಎಲ್ಲರಿಗೂ ಫಲ ಸಿಗುವುದಿಲ್ಲ, ಮತ್ತೆ ಹೋಗಬೇಕಾಗಬಹುದು.

ಇಷ್ಟೆಲ್ಲ ಮೊದಲೇ ಮುಗಿಸಿ ಅಂತ ಯಾಕೆ ಒತ್ತಾಯ ಮಾಡುತ್ತೇನೆ ಅಂದರೆ, ಚಿಕಿತ್ಸೆಯ ಕ್ಯಾಲೆಂಡರ್ ಯಾವ ಆಫೀಸಿನ ಕೈಯಲ್ಲೂ ಇಲ್ಲ. ಸಾಮಾನ್ಯವಾಗಿ ಮುಟ್ಟಾದ ಎರಡನೇ ಅಥವಾ ಮೂರನೇ ದಿನ ಇಂಜೆಕ್ಷನ್ ಶುರು. ಸುಮಾರು 10ರಿಂದ 12 ದಿನ ಅದು ನಡೆಯುತ್ತದೆ. ಅಂಡಾಣು ಪಕ್ವವಾಗಲು ಕೊಡುವ ಕೊನೆಯ ಟ್ರಿಗರ್ ಇಂಜೆಕ್ಷನ್ ಆಗಿ 34ರಿಂದ 36 ಗಂಟೆಗೆ ಅಂಡಾಣು ತೆಗೆಯುತ್ತಾರೆ. ಅದೇ ಸಲ ಭ್ರೂಣ ಹಾಕುವುದಾದರೆ ಮತ್ತೆ ಮೂರು ಅಥವಾ ಐದು ದಿನ. ಈ ನಡುವೆ ವೀಸಾ ಬಂದಿಲ್ಲ, ಒಂದು ಮುದ್ರೆ ಬಾಕಿ ಅಂದರೆ ದೇಹ ಕಾಯುವುದಿಲ್ಲ. ಒಂದು ತಿಂಗಳು ಹೋಯಿತು. ಮೂವತ್ತೆಂಟು, ನಲವತ್ತು ದಾಟಿದ ಹೆಣ್ಣುಮಗಳಿಗೆ ಆ ಒಂದು ತಿಂಗಳು ಎಷ್ಟು ಭಾರ ಅಂತ ನಾನು ಎದುರು ಕೂತು ನೋಡಿದ್ದೇನೆ.

ಅದಕ್ಕೇ 30 ದಿನದ ವೀಸಾ ತೆಗೆದು ಬಿಗಿ ಲೆಕ್ಕ ಹಾಕಬೇಡಿ, 60 ದಿನದ್ದು ತೆಗೆಯಿರಿ. ಅವಧಿ ಮೀರಿದರೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಮ್ ದಂಡ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಅನ್ನುವ ಮಿತಿ ಇದೆ, ಎರಡು ಸಲ ಹೋಗುವವರು ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಅಲ್ಲಿಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ, ಆದರೆ ಅದು ತುರ್ತು ಆರೋಗ್ಯ ಸಮಸ್ಯೆಗೆ, ಐವಿಎಫ್ ಖರ್ಚಿಗಲ್ಲ. ಅರ್ಜಿಯಲ್ಲಿ ಕಾರಣ ಕೇಳಿದರೆ ಚಿಕಿತ್ಸೆ ಅಂತಲೇ ಬರೆಯಿರಿ, ಕ್ಲಿನಿಕ್ಕಿನ ಪತ್ರ ಲಗತ್ತಿಸಿ. ಮುಜುಗರಕ್ಕೆ ಪ್ರವಾಸ ಅಂತ ಬರೆದು, ಬ್ಯಾಗಿನಲ್ಲಿ ಇಂಜೆಕ್ಷನ್ ರಾಶಿ ಇಟ್ಟುಕೊಂಡು ಹೋದರೆ ಉತ್ತರ ಕೊಡುವುದು ಕಷ್ಟ. ಮನೆಯಲ್ಲಿ ಯಾರಿಗೆ ಹೇಳಬೇಕು, ಬಿಡಬೇಕು ಅನ್ನುವುದು ನಿಮ್ಮಿಬ್ಬರ ವಿಷಯ, ಅದನ್ನು ಯಾವ ಫಾರ್ಮೂ ಕೇಳುವುದಿಲ್ಲ.

ಇಂಜೆಕ್ಷನ್ ಇಲ್ಲಿಂದಲೇ ಒಯ್ಯುವುದಾದರೆ ಡಾಕ್ಟರ ಪತ್ರ ಬೇಕು. ಅದರಲ್ಲಿ ಪಾಸ್‌ಪೋರ್ಟಿನ ಹೆಸರು, ಔಷಧಿಯ ಕಂಪನಿ ಹೆಸರಿನ ಜೊತೆ ಮೂಲ ಹೆಸರು, ಪ್ರಮಾಣ, ಸೂಜಿಗಳು ಬೇಕು ಅನ್ನುವ ಮಾತು ಇರಲಿ. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದದ್ದನ್ನು ಕೈಚೀಲದಲ್ಲೇ ಒಯ್ಯಿರಿ. ಐಸ್ ಪ್ಯಾಕಿಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಔಷಧಿ ಹಾಳು. ಹಾಗೆಯೇ ಪರ್ಸಿನ ಮೂಲೆಯಲ್ಲಿ ಬಿದ್ದಿರುವ ಮಾತ್ರೆಗಳನ್ನೂ ಒಮ್ಮೆ ನೋಡಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್, ನಿದ್ರೆಗೆ ಕೊಟ್ಟ ಕೆಲವು ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಅವು ಬೇಕೇ ಬೇಕು ಅಂದರೆ ಅಲ್ಲಿನ ಸರ್ಕಾರದಿಂದ ಆನ್‌ಲೈನಿನಲ್ಲಿ ಮೊದಲೇ ಅನುಮತಿ ಪಡೆಯಬೇಕು.

ಗಂಡ ಹಡಗಿನಲ್ಲಿ ಕೆಲಸ ಮಾಡುವವನಾದರೆ ಅವನು ಹೊರಡುವ ಮೊದಲೇ ಕ್ಲಿನಿಕ್ಕಿಗೆ ಒಂದು ಪ್ರಶ್ನೆ ಬರೆದು ಕೇಳಿ: ಯಾವ ಹಂತದಲ್ಲಿ ಅವನ ಸಹಿ ಬೇಕು, ಅವನು ಇಲ್ಲದಿದ್ದರೆ ಯಾವ ರೀತಿ ದೃಢೀಕರಿಸಿದ ಒಪ್ಪಿಗೆ ಪತ್ರ ನಡೆಯುತ್ತದೆ? ಸಮುದ್ರದ ನಡುವೆ ನೋಟರಿ ಸಿಗುವುದಿಲ್ಲ.

ದುಡ್ಡು ಕಳಿಸುವಾಗ ಬ್ಯಾಂಕಿಗೆ ವೈದ್ಯಕೀಯ ಚಿಕಿತ್ಸೆ ಅಂತ ಹೇಳಿ ಕ್ಲಿನಿಕ್ಕಿನ ಅಂದಾಜು ಪಟ್ಟಿ ಕೊಡಿ. ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಬ್ಯಾಂಕ್ ಹಿಡಿಯುವ ಟಿಸಿಎಸ್ ಅನ್ನುವ ತೆರಿಗೆ ಚಿಕಿತ್ಸೆಗೆ ಕಡಿಮೆ, ಬೇರೆ ಖರ್ಚಿಗೆ ಜಾಸ್ತಿ.

ಕೆಲವು ಫೈಲುಗಳನ್ನು ನಾನು ತೆಗೆದುಕೊಳ್ಳುವುದಿಲ್ಲ. ಗಂಡು ಮಗುವೇ ಬೇಕು, ಆ ದೇಶದಲ್ಲಿ ಮಾಡಿಕೊಡುತ್ತಾರಂತೆ ಅಂತ ಬರುವವರು ಉಂಟು. ಲಿಂಗ ಆಯ್ಕೆ ನಮ್ಮಲ್ಲಿ 1994ರ ಕಾಯ್ದೆಯಡಿ ಅಪರಾಧ, ಮತ್ತು ಕಾನೂನು ಇರದಿದ್ದರೂ ನಾನು ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. ಬಾಡಿಗೆ ತಾಯ್ತನಕ್ಕೆ ಹೊರಗೆ ಹೋಗುತ್ತೇವೆ ಅನ್ನುವವರಿಗೆ ಮೊದಲು ವಕೀಲರನ್ನು ನೋಡಿ ಅನ್ನುತ್ತೇನೆ. ಹೊರಗೆ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬೇಕಾದರೆ ಒಂದು ವರ್ಷದೊಳಗೆ ಅಲ್ಲಿನ ನಮ್ಮ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗಬೇಕು, ಅಲ್ಲಿ ತಂದೆತಾಯಿ ಯಾರು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. 2008ರಲ್ಲಿ ಗುಜರಾತಿನಲ್ಲಿ ಬಾಡಿಗೆ ತಾಯಿಗೆ ಹುಟ್ಟಿದ ಜರ್ಮನ್ ದಂಪತಿಯ ಅವಳಿ ಮಕ್ಕಳು, ಎರಡೂ ದೇಶ ನಮ್ಮವರಲ್ಲ ಅಂದಾಗ 2010ರವರೆಗೆ ಇಲ್ಲೇ ಉಳಿಯಬೇಕಾಯಿತು. ದಾಖಲೆಯ ತೊಡಕಿಗೆ ಬೆಲೆ ಕೊಟ್ಟದ್ದು ಹಸುಗೂಸುಗಳು.

ಕೊನೆಯದಾಗಿ, ಉಳಿದ ಭ್ರೂಣಗಳ ವಿಷಯ. ಅಲ್ಲಿ ಫ್ರೀಜ್ ಮಾಡಿಸಿ ಆಮೇಲೆ ಊರಿಗೆ ತರಿಸಿಕೊಂಡು ಇಲ್ಲೇ ಹಾಕಿಸಿಕೊಳ್ಳೋಣ ಅಂತ ಬಹಳ ಜನ ಯೋಚಿಸುತ್ತಾರೆ. ಹಾಗೆ ಸುಮ್ನೆ ತರಲು, ಕಳಿಸಲು ಆಗುವುದಿಲ್ಲ. ಇಂಥ ಚಿಕಿತ್ಸೆಗೆಂದೇ ನಮ್ಮಲ್ಲಿ 2022ರ ಜನವರಿಯಲ್ಲಿ ಜಾರಿಯಾದ ಎಆರ್‌ಟಿ ಕಾಯ್ದೆಯ ಪ್ರಕಾರ ನಮ್ಮದೇ ಅಂಡಾಣು, ವೀರ್ಯ, ಭ್ರೂಣವನ್ನು ನಮ್ಮದೇ ಬಳಕೆಗೆ ಸಾಗಿಸಲು ಕೂಡ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ಮತ್ತೆ ಇಲ್ಲಿ ಚಿಕಿತ್ಸೆ ಕೊಡಲು ಹೆಂಗಸಿಗೆ 50, ಗಂಡಸಿಗೆ 55 ವರ್ಷದ ಮಿತಿ ಇದೆ. ಅದಕ್ಕಾಗಿ ಶೇಖರಣೆಯ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವರ್ಷದ ಶುಲ್ಕ ಎಷ್ಟು, ಎಷ್ಟು ವರ್ಷ ಇಡುತ್ತಾರೆ, ಒಬ್ಬರು ತೀರಿಕೊಂಡರೆ ಅಥವಾ ಬೇರೆಯಾದರೆ ಏನು ಮಾಡುತ್ತಾರೆ ಅನ್ನುವುದನ್ನು ಇಬ್ಬರೂ ಕೂತು ಓದಿ. ಒಪ್ಪಂದದ ಪ್ರತಿ ನಿಮ್ಮ ಕೈಗೆ ಬರಬೇಕು. ಮುಂದೆ ಪಾಸ್‌ಪೋರ್ಟ್ ನವೀಕರಿಸಿ ನಂಬರ್ ಬದಲಾದ ದಿನವೇ ಕ್ಲಿನಿಕ್ಕಿಗೆ ಇಮೇಲ್ ಮಾಡಿ, ಹಳೆಯ ಪಾಸ್‌ಪೋರ್ಟನ್ನೂ ಎಸೆಯಬೇಡಿ, ಯಾಕಂದರೆ ಅಲ್ಲಿನ ದಾಖಲೆಯಲ್ಲಿ ನಿಮ್ಮ ಭ್ರೂಣ ಇರುವುದು ಆ ಹಳೆಯ ನಂಬರಿನ ಮೇಲೆಯೇ.