ಜನರ ಲೆಕ್ಕ ಹಾಕಿದರೆ ಪಾಪವೇ?

"ಯೆಹೂದ್ಯರಲ್ಲಿ ಜನಗಣತಿ ಅಂದರೆ ಪಾಪವಂತೆ, ಹಿಂದೆ ಅವರ ರಾಜ ದಾವೀದ ಮಾಡಿಸಿದ್ದಕ್ಕೇ ವ್ಯಾಧಿ ಬಂದು 70,000 ಜನ ಸತ್ತರಂತೆ, ಹೌದಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ನೆನಪಿಲ್ಲ. ಮತ್ತೆ ಬರೆಯುತ್ತೇನೆ, ಯಾಕೆಂದರೆ ಅರ್ಧ ಕಥೆಯಷ್ಟೇ ಊರೆಲ್ಲ ಹರಡಿದೆ.

ಬೈಬಲಿನ ಅರಣ್ಯಕಾಂಡ (ರಾಮಾಯಣದ್ದಲ್ಲ) ತೆರೆಯಿರಿ. ಮೊದಲ ಅಧ್ಯಾಯದಲ್ಲೇ ಲೆಕ್ಕ ತೆಗೆ ಎಂದು ಆ ಜನರ ನಾಯಕ ಮೋಶೆಗೆ ಹೇಳುವವನು ದೇವರೇ. 20 ವರ್ಷ ಮೇಲ್ಪಟ್ಟ, ಯುದ್ಧಕ್ಕೆ ಹೋಗಬಲ್ಲ ಗಂಡಸರು 6,03,550. 26ನೇ ಅಧ್ಯಾಯದಲ್ಲಿ ಇನ್ನೊಂದು ಸಲ, 6,01,730. ಎಣಿಸುವುದೇ ಪಾಪವಾಗಿದ್ದರೆ ದೇವರು ಎರಡೆರಡು ಸಲ ಮಾಡಿಸುತ್ತಿದ್ದನಾ? 11ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ಎಂಬವನು ಇದಕ್ಕೆ ಕೊಡುವ ಕಾರಣ ಒಂದೇ: ಅಕ್ಕರೆ. ಪ್ರೀತಿಯ ಜನ, ಅದಕ್ಕೇ ಮತ್ತೆ ಮತ್ತೆ ಎಣಿಸುತ್ತಾನೆ. ಹೀಬ್ರೂ ಮೂಲದಲ್ಲಂತೂ 'ಲೆಕ್ಕ ತೆಗೆ' ಅನ್ನುವ ಕಡೆ ಇರುವುದು 'ಸೆಉ ಎತ್ ರೋಶ್', ಅಂದರೆ 'ತಲೆ ಎತ್ತಿರಿ' ಅಂತ. 13ನೇ ಶತಮಾನದ ಇನ್ನೊಬ್ಬ ವ್ಯಾಖ್ಯಾನಕಾರ ರಾಂಬಾನ್ ಹೇಳುವಂತೆ ಒಬ್ಬೊಬ್ಬನೂ ಮೋಶೆ ಮತ್ತು ಅವನ ಅಣ್ಣ ಆರೋನರ ಮುಂದೆ ಬಂದು ನಿಂತು ತನ್ನ ಹೆಸರು ಹೇಳುವುದೇ ಅವನಿಗೆ ಸಿಕ್ಕ ಗೌರವ.

ಹಾಗಾದರೆ ದಾವೀದನ ತಪ್ಪೇನು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬೈಬಲಿನ ಇನ್ನೊಂದು ಪುಸ್ತಕ ವಿಮೋಚನಕಾಂಡದ 30ನೇ ಅಧ್ಯಾಯದಲ್ಲಿ ಎಣಿಕೆಯ ಕ್ರಮ ಹೇಳಿದೆ: ಒಬ್ಬೊಬ್ಬನೂ ಅರ್ಧ ಶೆಕೆಲ್ (ಆಗಿನ ತೂಕದ ಅಳತೆ) ಬೆಳ್ಳಿ ಕೊಡಬೇಕು, ಆಗ ವ್ಯಾಧಿ ಬರುವುದಿಲ್ಲ. ಶ್ರೀಮಂತ ಜಾಸ್ತಿ ಕೊಡುವ ಹಾಗಿಲ್ಲ, ಬಡವ ಕಮ್ಮಿ ಕೊಡುವ ಹಾಗಿಲ್ಲ. ಎಣಿಸಬೇಕಾದ್ದು ಆ ಬೆಳ್ಳಿಯನ್ನು, ನೇರವಾಗಿ ತಲೆ ಎಣಿಸಿದರೆ ದೃಷ್ಟಿ ತಗಲುತ್ತದೆ, ದಾವೀದನ ಕಾಲದಲ್ಲಿ ಆದದ್ದೇ ಅದು ಎನ್ನುತ್ತಾನೆ ರಾಶಿ. ರಾಂಬಾನ್ ಇನ್ನೂ ನೇರವಾಗಿ ಹೇಳುತ್ತಾನೆ: ಯುದ್ಧವಿರಲಿಲ್ಲ, ಅಗತ್ಯವಿರಲಿಲ್ಲ, ಎಷ್ಟೊಂದು ಜನರನ್ನು ಆಳುತ್ತಿದ್ದೇನೆ ಎಂದು ಮನಸ್ಸಿಗೆ ಖುಷಿ ಪಡಲು ಸುಮ್ನೆ ಎಣಿಸಿದ. ಸೇನಾಪತಿ ಯೋವಾಬನೇ 'ಇದೆಲ್ಲ ಯಾಕೆ ಬೇಕು ಒಡೆಯಾ' ಎಂದು ಕೇಳಿದ್ದ. ರಾಜ ಕೇಳಲಿಲ್ಲ.

ಆ ಬೆಳ್ಳಿಯ ಲೆಕ್ಕ ನೋಡಿದರೆ ನನಗೆ ಪ್ರತಿ ಸಲವೂ ರೋಮಾಂಚನ. 6,03,550 ಅರ್ಧ ಶೆಕೆಲ್ ಅಂದರೆ 3,01,775 ಶೆಕೆಲ್. ತಲಾಂತು ಅನ್ನುವುದು ದೊಡ್ಡ ತೂಕ, ಒಂದು ತಲಾಂತಿಗೆ 3,000 ಶೆಕೆಲ್‌ನಂತೆ 100 ತಲಾಂತು ಆಗಿ 1,775 ಮಿಗುತ್ತದೆ. ಆ 100 ತಲಾಂತನ್ನು ಕರಗಿಸಿ ದೇವರ ಗುಡಾರ, ಅಂದರೆ ಅವರ ಆರಾಧನೆಯ ಡೇರೆ, ನಿಲ್ಲಲು ಅಡಿಪೀಠ ಎರಕ ಹೊಯ್ದರು. ಮಿಕ್ಕಿದ್ದು ಕಂಬಗಳ ಕೊಂಡಿಗಳಿಗೆ ಹೋಯಿತು. ಯಾರ ಬೆಳ್ಳಿ ಯಾವುದು ಅಂತ ಆಮೇಲೆ ಹೇಳಲಾಗದು, ಆದರೆ ಗುಡಾರ ನಿಂತದ್ದು ಅದರ ಮೇಲೆಯೇ.

ಯೆಹೂದ್ಯರ ಸಾಮೂಹಿಕ ಪ್ರಾರ್ಥನೆಗೆ 10 ಜನ ಸೇರಲೇಬೇಕಲ್ವಾ, ಅದನ್ನು ಹೇಗೆ ಎಣಿಸುತ್ತಾರೆ ಎಂದು ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ. ಒಂದು, ಎರಡು ಅನ್ನುವುದಿಲ್ಲ. ಬೈಬಲಿನ 28ನೇ ಕೀರ್ತನೆಯ ಕೊನೆಯ ವಚನದಲ್ಲಿ ಹೀಬ್ರೂವಿನಲ್ಲಿ ಸರಿಯಾಗಿ 10 ಪದಗಳಿವೆ, 'ನಿನ್ನ ಜನರನ್ನು ಕಾಪಾಡು' ಎಂದು ಶುರುವಾಗುತ್ತದೆ. ಒಬ್ಬರಿಗೆ ಒಂದು ಪದ. 8ನೇ ಪದ 'ವೆನಸ್ಸೆಏಮ್', ಅವರನ್ನು ಎತ್ತು ಅಂತ. 'ತಲೆ ಎತ್ತಿರಿ' ಅಂದೆನಲ್ಲ, ಅದೇ ಧಾತು. ಪದ ಮಿಕ್ಕಿ ಜನ ಮುಗಿದರೆ, ಬಾಗಿಲ ಕಡೆ ನೋಡುತ್ತಾ ಇನ್ನೊಬ್ಬರಿಗಾಗಿ ಕಾಯುತ್ತಾರೆ.