ಎಂಜಿನ್ ದೊಡ್ಡದಾಯಿತು, ಹಿಂದಿನ ಆಕ್ಸಲ್ ಹಳೆಯದೇ ಉಳಿಯಿತು

ತುಮಕೂರಿನ ಗ್ಯಾರೇಜುಗಳಲ್ಲಿ ಹಳೆಯ ಕಾಂಟೆಸ್ಸಾ ಕಾರಿಗೋ ಜೀಪಿಗೋ ದೊಡ್ಡ ಎಂಜಿನ್ ಕೂರಿಸುವ ಮಾತು ಬಂದರೆ, ಚರ್ಚೆಯೆಲ್ಲ ಎಚ್‌ಪಿ ಮತ್ತು ಟರ್ಬೊ ಸುತ್ತಲೇ. ಎಂಜಿನ್ ಬಲವನ್ನು ಚಕ್ರಗಳಿಗೆ ಮುಟ್ಟಿಸುವ ಹಿಂದಿನ ಆಕ್ಸಲ್ ತಡೆಯುತ್ತಾ ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ. ನನ್ನ ಪ್ರಕಾರ ಅದೇ ಮೊದಲ ಪ್ರಶ್ನೆ ಆಗಬೇಕು.

1984ರಲ್ಲಿ ಕಾಂಟೆಸ್ಸಾ ಬಂದಾಗ ಅದರಲ್ಲಿದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್. ಶಕ್ತಿ ಸುಮಾರು 50 ಎಚ್‌ಪಿ. ಇಸುಜು 1.8 ಬಂದದ್ದು ಆಮೇಲೆ. ಯಾವ ಕಂಪನಿಯೇ ಆಗಲಿ, ಆಕ್ಸಲ್ ಮಾಡುವುದು ತನ್ನ ಎಂಜಿನ್ ಲೆಕ್ಕಕ್ಕೆ, ಮೇಲೆ ಸ್ವಲ್ಪ ಮಿಗತೆ ಇಟ್ಟು. ಆ ಮಿಗತೆಯನ್ನೇ ನಾವು ಈಗ ತಿಂದು ಮುಗಿಸುತ್ತಿದ್ದೇವೆ.

ಒಂದು ಲೆಕ್ಕ ನೋಡಿ. ಎಂಜಿನ್ ಟಾರ್ಕ್, ಅಂದರೆ ತಿರುಗಿಸುವ ಬಲ, 150 ಎನ್‌ಎಂ (ನ್ಯೂಟನ್ ಮೀಟರ್), ಫಸ್ಟ್ ಗೇರ್ ಅನುಪಾತ 3.5, ಕ್ರೌನ್-ಪಿನಿಯನ್ (ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಚಿಕ್ಕದು) ಅನುಪಾತ 4 ಅಂದುಕೊಳ್ಳಿ. ಗುಣಿಸಿದರೆ ಆಕ್ಸಲ್‌ಗೆ ಬರುವುದು 2,100 ಎನ್‌ಎಂ. ಅದೇ ಗಾಡಿಗೆ 400 ಎನ್‌ಎಂ ಎಂಜಿನ್ ಹಾಕಿದರೆ 5,600. ಎಚ್‌ಪಿಗಿಂತ ಈ ಅಂಕಿಯೇ ಮುಖ್ಯ, ಅಲ್ವಾ?

ಆದರೂ ಕೆಲವು ಗಾಡಿಗಳ ಆಕ್ಸಲ್ ಮುರಿಯುವುದೇ ಇಲ್ಲ. ಕಾರಣ ಟೈರ್. ಹಿಡಿತ ಸಾಲದೆ ಚಕ್ರ ಜಾರಿದರೆ, ಪೂರ್ತಿ ಟಾರ್ಕ್ ಆಕ್ಸಲ್ ಮೇಲೆ ಬೀಳುವುದೇ ಇಲ್ಲ. ತುಮಕೂರು ಸುತ್ತ ಕೆ-1000 ರ್‍ಯಾಲಿ ನಡೆದಿರುವಂಥ ಮಣ್ಣಿನ ದಾರಿಯಲ್ಲಿ ಚಕ್ರ ಜಾರುತ್ತಲೇ ಇರುತ್ತದೆ. ಅಲ್ಲಿ ಜಾಸ್ತಿ ಭಯ ಇರುವುದು ಗಾಡಿ ಹಾರಿ ಬಿದ್ದಾಗ ಹೌಸಿಂಗ್, ಅಂದರೆ ಆಕ್ಸಲ್‌ನ ಹೊರಕವಚ, ಬಾಗುವುದಕ್ಕೆ. ಅದೇ ಗಾಡಿಗೆ ಅಗಲವಾದ, ಮೆತ್ತನೆ ರಬ್ಬರಿನ ಟೈರ್ ಹಾಕಿ, ಒಣ ಡಾಂಬರಿನ ಮೇಲೆ ಒಮ್ಮೆಲೇ ಕ್ಲಚ್ ಬಿಡಿ. ಆಗ ಏಟೆಲ್ಲ ಆಕ್ಸಲ್‌ಗೇ.

ಈ ಪಾಠವನ್ನು ಅಮೆರಿಕದ ಡ್ರ್ಯಾಗ್ ರೇಸಿನವರು (ನೇರ ದಾರಿಯಲ್ಲಿ ಸ್ವಲ್ಪ ದೂರಕ್ಕೆ ಜೋರಾಗಿ ಓಡಿಸುವವರು) ದಶಕಗಳ ಹಿಂದೆಯೇ ಕಲಿತರು. ಅವರಿಗೆ ಒದಗಿದ್ದು 1957ರಲ್ಲಿ ಬಂದು 1986ರವರೆಗೆ ತಯಾರಾದ ಫೋರ್ಡ್ 9 ಇಂಚಿನ ಆಕ್ಸಲ್. ಜೋರಾಗಿ ಎಳೆದಾಗ ಪಿನಿಯನ್ ಕ್ರೌನ್‌ನಿಂದ ದೂರ ಸರಿಯಲು ನೋಡುತ್ತದೆ. ಸರಿದರೆ ಹಲ್ಲಿನ ತುದಿ ಮಾತ್ರ ತಾಗಿ ಚೂರಾಗುತ್ತದೆ. ಫೋರ್ಡ್ ಪಿನಿಯನ್‌ನ ಆಚೆ ತುದಿಗೂ ಮೂರನೇ ಬೇರಿಂಗ್ ಕೊಟ್ಟು ಇದನ್ನು ತಡೆಯಿತು. ಮೇಲಾಗಿ ಕ್ರೌನ್-ಪಿನಿಯನ್ ಕೂಡಿದ ಇಡೀ ಡಿಫರೆನ್ಷಿಯಲ್ ಅನ್ನು ಮುಂದಿನಿಂದ ಬಿಚ್ಚಿ ತೆಗೆಯಬಹುದು, ರೇಸಿನ ನಡುವೆ ಅನುಪಾತ ಬದಲಿಸುವವರಿಗೆ ಇದು ದೊಡ್ಡ ಅನುಕೂಲ. ಇದಕ್ಕಿಂತ ಭಾರದ್ದು ಡಾನಾ 60. ಅದರ ಕ್ರೌನ್‌ನ ವ್ಯಾಸ 9¾ ಇಂಚು. ಟ್ರಕ್ಕುಗಳ ಈ ಆಕ್ಸಲ್ 1960ರ ದಶಕದಲ್ಲಿ ಕ್ರೈಸ್ಲರ್ ಕಂಪನಿಯ ಶಕ್ತಿಶಾಲಿ ಹೆಮಿ ಎಂಜಿನ್ ಕಾರುಗಳಿಗೂ ಬಂತು.

ಕ್ರೌನ್ ದೊಡ್ಡದಿದ್ದರೆ ಸಾಲದು. ಕ್ರೌನ್‌ನ ತಿರುಗುವಿಕೆಯನ್ನು ಚಕ್ರಕ್ಕೆ ಮುಟ್ಟಿಸುವ ಕಂಬಿ, ಅಂದರೆ ಶಾಫ್ಟ್, ತುಂಡಾದದ್ದೊಂದನ್ನು ಕೈಯಲ್ಲಿ ಹಿಡಿದು ಅದರ ತುದಿಯ ಸ್ಪ್ಲೈನ್ (ಗೇರಿಗೆ ಕೂರುವ ಹಲ್ಲುಗೀರು) ನೋಡಿ. ನೇರ ಇರಬೇಕಾದ ಸಣ್ಣ ಗೀರುಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿರುತ್ತವೆ. ಎಷ್ಟೋ ಸಲ ಶಾಫ್ಟ್ ಒಂದೇ ದಿನದಲ್ಲಿ ಮುರಿದಿರುವುದಿಲ್ಲ, ಮೊದಲೇ ಸೋತಿರುತ್ತದೆ. ಇಲ್ಲಿ ದಪ್ಪ ತುಂಬಾ ಕೆಲಸ ಮಾಡುತ್ತದೆ: 30 ಮಿ.ಮೀ. ಶಾಫ್ಟನ್ನು ಅದೇ ಉಕ್ಕಿನಲ್ಲಿ 38 ಮಿ.ಮೀ. ಮಾಡಿದರೆ ತಿರುಚು ತಡೆಯುವ ಬಲ ಸುಮಾರು ಎರಡು ಪಟ್ಟಾಗುತ್ತದೆ.

ನನಗೆ ನಿಜವಾದ ಆತಂಕ ಇರುವುದು ಚಕ್ರದ ಬಗ್ಗೆ. ಕಾರುಗಳ ಹಿಂದಿನ ಆಕ್ಸಲ್ ಹೆಚ್ಚಾಗಿ ಸೆಮಿ-ಫ್ಲೋಟಿಂಗ್. ಅಂದರೆ ಶಾಫ್ಟ್ ಎಳೆಯುವುದರ ಜೊತೆ ಗಾಡಿಯ ಭಾರವನ್ನೂ ಹೊರುತ್ತದೆ. ಶಾಫ್ಟನ್ನು ಒಳಗಡೆ ಸಿ-ಕ್ಲಿಪ್ ಅನ್ನುವ ಸಣ್ಣ ಕೊಂಡಿ ಹಿಡಿದಿರುವ ವಿನ್ಯಾಸದಲ್ಲಿ ಶಾಫ್ಟ್ ಮುರಿದರೆ ಚಕ್ರವೇ ಹೊರಗೆ ಜಾರಬಹುದು. ದೊಡ್ಡ ಲಾರಿಗಳಲ್ಲಿ ಭಾರ ಹೌಸಿಂಗ್ ಮೇಲಿರುವುದರಿಂದ ಶಾಫ್ಟ್ ಹೋದರೂ ಚಕ್ರ ನಿಲ್ಲುತ್ತದೆ. ಬೆಂಗಳೂರು ಹೆದ್ದಾರಿಯಲ್ಲಿ ಪಕ್ಕದಲ್ಲಿ ಬೈಕ್ ಮೇಲೆ ಹೋಗುವವರಿಗೂ ಇದು ಜೀವದ ವಿಷಯ. ಹೀಗಾಗಿ ಸುಮ್ನೆ ಗುಜರಿಯಿಂದ ಹೌಸಿಂಗ್ ತಂದು ವೆಲ್ಡ್ ಮಾಡಿಸಬೇಡಿ. ಎಂಜಿನ್ ಬದಲಿಸುವ ಮೊದಲು ಆರ್‌ಟಿಒ ಅನುಮತಿಯೂ ಬೇಕು. ಗಾಡಿಯ ಮೂಲ ವಿವರ ಬದಲಾಗುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ.